ತೊಳೆದು ಬಂದ ಡಬ್ಬಿ

ಖಾನಾಪುರ
೧೪ ಸಪ್ಟೆಂಬರ್ ೧೯೮೪, ಶುಕ್ರವಾರ

ಚಿ. ಕಾಂತಾಗೆ ನಿನ್ನ ಅಪ್ಪ ಮಾಡುವ ಆಶೀರ್ವಾದ.

ಮೂರು ವಾರದಿಂದ ಕಾಗದವೂ ಇಲ್ಲ, ಡಬ್ಬಿಯೂ ಇಲ್ಲ. ತಪ್ಪು ನನ್ನದು. ನಾಲ್ಕನೇ ಇಯತ್ತೆ ಕಲಿತ ಕೈಗೆ ಒಲೆಯ ಮುಂದೆ ಇರುವ ಧೈರ್ಯ ಪೆನ್ನಿನ ಮುಂದೆ ಇಲ್ಲ. ಇತ್ತ ಕ್ಷೇಮ ಎಂದು ಬರೆದೆ. ಅತ್ತಲೂ ಕ್ಷೇಮ ಎಂದು ಬರೆಯಲು ಹೋದರೆ ಕೈ ನಿಂತಿತು. ಹೀಗೆ ಎರಡು ಇನ್‌ಲ್ಯಾಂಡ್ ಹಾಳಾದವು.

ನಮ್ಮ ಖಾನಾವಳಿ ನಡೆದಿದೆ. ನಿನ್ನ ಅವ್ವನ ಮೊಣಕಾಲು ಮಳೆಯ ಸುದ್ದಿಯನ್ನು ರೇಡಿಯೊಕ್ಕಿಂತ ಮೊದಲೇ ಹೇಳುತ್ತದೆ. ಹೋದ ತಿಂಗಳು ಕಚೇರಿಯ ಹೊಸ ಗುಮಾಸ್ತನೊಬ್ಬ ಅರ್ಧ ರೊಟ್ಟಿ ಬಿಟ್ಟು ಎದ್ದ. "ಸಾಹೇಬ್ರ, ಪ್ರಸಾದ ಬಿಟ್ಟವ್ರಿಗೆ ನಮ್ಮ ಬಾಗಲಾ ತೆರಿಯೂದಿಲ್ರೀ" ಎಂದು ಮತ್ತೆ ಕೂಡಿಸಿದೆ. ಪಾಪ, ರೊಟ್ಟಿ ಮುಗಿಸಿ, ತಾಟು ತೊಳೆದ ನೀರನ್ನೂ ಕುಡಿದು ಹೋದ. ಎಲ್ಲರೂ ನಕ್ಕರು. ಈಗ ನಾನು ಯಾರಿಗೂ ಏನೂ ಅನ್ನುವುದಿಲ್ಲ.

ಪ್ರತಿ ಸೋಮವಾರ ಕಂಡಕ್ಟರ್ ಮಾಯಪ್ಪ ಆ ನಾಲ್ಕು ಅಂತಸ್ತಿನ ಡಬ್ಬಿಯನ್ನು ಬೆಳಗಾವಿಗೆ ಒಯ್ಯುತ್ತಿದ್ದ, ಸಂಜೆ ಮರಳಿ ತರುತ್ತಿದ್ದ. ಹೋಳಿಗೆ ಕಳಿಸಿದರೂ ಖಾಲಿ, ಝುಣಕದ ವಡಿ ಕಳಿಸಿದರೂ ಖಾಲಿ, ಮೇಲೆ ಸ್ವಚ್ಛ ತೊಳೆದದ್ದು. "ಗುರುಪುತ್ರಣ್ಣಾ, ನಿನ್ನ ಮಗಳು ಡಬ್ಬಿ ಒಂದನ್ನ ತಿನ್ನದ ಬಿಟ್ಟಾಳಲ್ಲ, ಅದ ನಿನ್ನ ಪುಣ್ಯಾ" ಅನ್ನುತ್ತಿದ್ದ. ನಾನು ಅದನ್ನು ಬೆರಳಿನಿಂದ ಬಾರಿಸಿ ಗಿರಾಕಿಗಳಿಗೆ ಕೇಳಿಸುತ್ತಿದ್ದೆ: "ಕೇಳ್ರೀ, ನಮ್ಮ ಕಾಂತಾನ ಆರೋಗ್ಯ!" ನನಗೆ ಆ ಖಾಲಿ ಡಬ್ಬಿಯೇ ನಿನ್ನ ಕಾಗದವಾಗಿತ್ತು.

ಮೂರು ವಾರದ ಹಿಂದೆ ಮಾಯಪ್ಪ ರಜೆಯಲ್ಲಿದ್ದ. ನಾನೇ ಡಬ್ಬಿ ಹಿಡಿದು ಶಿವಬಸವ ನಗರಕ್ಕೆ ಬಂದೆ. ನಿಮ್ಮ ಹಾಸ್ಟೆಲಿನ ಗೇಟು ಗಂಡಸರಿಗೆ ತೆರೆಯುವುದಿಲ್ಲವಲ್ಲ, ಹೊರಗೆ ನಿಂತೆ. ಬಚ್ಚಲು ತೊಳೆಯುವ ಸಾತವ್ವ ಡಬ್ಬಿ ನೋಡಿ ಕಸಬರಿಗೆ ಕೆಳಗಿಟ್ಟಳು.

"ಇದನ್ನ ಕಳಸಾವ್ರು ನೀವ ಏನ್ರೀ?"

"ನಾವ ನೋಡವಾ. ಹೆಂಗಿರ್ತೈತಿ ನಮ್ಮ ಅಡಗಿ?" ಎಂದು ಹಲ್ಲು ಕಿಸಿದೆ.

"ಬಾಯಾಗ ಹೆಂಗಿರ್ತೈತೋ ನನಗೊತ್ತಿಲ್ರೀ ಅಣ್ಣಾ. ಬಚ್ಚಲ ಮೋರ್‍ಯಾಗ ಹೆಂಗಿರ್ತೈತಿ, ಅದನ್ನ ನಾ ಬಲ್ಲೆ."

ಎಲ್ಲ ಹೇಳಿದಳು. ನಾಲ್ಕೂ ಅಂತಸ್ತು ಒಂದೇ ಸಲಕ್ಕೆ ತಿಂದು, ಬಚ್ಚಲ ಬಾಗಿಲು ಹಾಕಿ, ಸಪ್ಪಳ ಕೇಳದಂತೆ ನಳ ಬಿಟ್ಟು, ಗಂಟಲಲ್ಲಿ ಬೆರಳು ಹಾಕುತ್ತೀಯಂತೆ. "ನಿಮ್ಮ ಮಗಳು ಒಬ್ಬಾಕಿನ ಅಲ್ರೀ. ಆ ಮಾಳಿಗಿ ಮ್ಯಾಲ ಏಳು ಮಂದಿ ಅದಾರ. ಒಬ್ಬಾಕಿ ಅಂತೂ ಡಾಕ್ಟರಕಿ ಓದಾಕ್ಹತ್ಯಾಳ. ಪಾಸು ನಪಾಸು ಬೋರ್ಡಿಗೆ ಹಚ್ತಾರ, ಇದನ್ನ ಯಾರು ಹಚ್ತಾರ್ರೀ?"

ಅಲ್ಲಿಂದ ಒಬ್ಬ ಡಾಕ್ಟರಬಾಯಿಯ ಹತ್ತಿರ ಹೋದೆ. ಅವರು ಇದಕ್ಕೊಂದು ಇಂಗ್ಲಿಷ್ ಹೆಸರು ಹೇಳಿದರು, ನನ್ನ ನಾಲಿಗೆ ಹೊರಳಲಿಲ್ಲ. "ಕಾಲೇಜಿನ ಹುಡುಗೀರೊಳಗ ಇದು ನಾವು ತಿಳದದ್ದಕ್ಕಿಂತ ಭಾಳ ಐತ್ರೀ. ಹುಡುಗರೂ ಅದಾರ. ಆಕಿನ್ನ ಬೈಬ್ಯಾಡ್ರಿ. ತಿನ್ನು ಅಂತನೂ ಅನಬ್ಯಾಡ್ರಿ, ಬಿಡು ಅಂತನೂ ಅನಬ್ಯಾಡ್ರಿ. ಕರಕೊಂಡು ಬರ್ರಿ."

"ಹಂಗಾರ ಖಾನಾವಳಿಯಾಂವ ಏನನಬೇಕ್ರೀ, ಬಾಯಾರ?" ಎಂದು ಕೇಳಿದೆ. ಅವರು ನಗಲಿಲ್ಲ. ನಾನೂ ನಗಿಸಲು ಕೇಳಿರಲಿಲ್ಲ.

ನಿನ್ನನ್ನು ಕರೆಯದೆಯೇ ಹಿಂದಿರುಗಿದೆ. ಕರೆದು ಏನು ಹೇಳಬೇಕಿತ್ತು? ಡಬ್ಬಿಯಲ್ಲಿದ್ದದ್ದನ್ನು ಬಸ್ ಸ್ಟ್ಯಾಂಡಿನ ನಾಯಿಗಳಿಗೆ ಸುರಿದೆ. ಅನ್ನ ಚೆಲ್ಲಿದ್ದು ಜನ್ಮದಲ್ಲಿ ಅದೇ ಮೊದಲು. ತಾಟಿನಲ್ಲಿ ಅಗುಳು ಬಿಡಬಾರದು ಎಂದು ಚಿಕ್ಕಂದಿನಿಂದ ನಿನಗೆ ಕಲಿಸಿದವನು ನಾನು. ನೀನು ಬಿಡಲಿಲ್ಲ. ಎಷ್ಟು ಚೆಂದ ಕಲಿತೆ!

ಇವತ್ತು ಮಾಯಪ್ಪನ ಕೈಯಲ್ಲಿ ಒಂದೇ ಅಂತಸ್ತಿನ ಡಬ್ಬಿ ಕಳಿಸಿದ್ದೇನೆ. ಈ ಕಾಗದದ ಕೆಳಗೆ ಅರ್ಧ ರೊಟ್ಟಿ, ಚೂರು ಶೇಂಗಾ ಚಟ್ನಿ ಇದೆ. ಬೇಕಾದಷ್ಟು ತಿನ್ನು, ಉಳಿದದ್ದನ್ನು ಅದರಲ್ಲೇ ಬಿಟ್ಟು ಕಳಿಸು. ಮುಟ್ಟದೆ ಕಳಿಸಿದರೂ ಸರಿ. ಡಬ್ಬಿ ತೊಳೆಯಬೇಡ. ಹಳಸಿ ನಾರಿದರೂ ನಾನೇ ತೆರೆಯುತ್ತೇನೆ. ಸೋಮವಾರ ಹತ್ತು ಗಂಟೆಗೆ ಗೇಟಿನ ಹತ್ತಿರ ಇರುತ್ತೇನೆ. ನೀನು ಬಂದರೆ ಇಬ್ಬರೂ ಡಾಕ್ಟರಬಾಯಿಯ ಹತ್ತಿರ ಹೋಗೋಣ. ಬರದಿದ್ದರೆ ಅದರ ಮುಂದಿನ ಸೋಮವಾರವೂ ಅಲ್ಲೇ ಇರುತ್ತೇನೆ.

ಬಸವಣ್ಣ ನಿನ್ನ ಹೊಟ್ಟೆ ತಣ್ಣಗಿಡಲಿ.

ನಿನ್ನ ಅಪ್ಪ,
ಗುರುಪುತ್ರಪ್ಪ

ತಾ.ಕ.: ಹೋದ ದೀಪಾವಳಿಗೆ ನೀನು ಬಂದಾಗ, ಜೋಳದ ಚೀಲ ತೂಗುವ ತಕ್ಕಡಿಯಲ್ಲಿ ನಿನ್ನನ್ನು ಕೂಡಿಸಿದ್ದೆ. "ನೋಡ್ರಪಾ ಬೆಳಗಾವಿ ನೀರು! ನಮ್ಮ ಚೀಲಾನ ಸೋತ್ವು!" ಅಂದಿದ್ದೆ. ಊಟಕ್ಕೆ ಕೂತವರೆಲ್ಲ ನಕ್ಕರು. ನೀನೂ ನಕ್ಕೆ. ಆ ನಗುವನ್ನು ನಾನು ಹತ್ತು ತಿಂಗಳು ನಂಬಿದೆ. ಸಾತವ್ವ ಕೊನೆಗೆ ಇನ್ನೊಂದು ಮಾತು ಹೇಳಿದಳು. ಒಂದು ದಿನ ನಿನ್ನ ಬಾಯಿ ಒರೆಸುತ್ತ, ಮನೆಗೆ ತಿಳಿಸಲೇನು ಎಂದು ಕೇಳಿದಳಂತೆ. ನೀನು ಅವಳ ಕೈ ಹಿಡಿದು, "ಬ್ಯಾಡ ಸಾತವ್ವಾ, ನಮ್ಮಪ್ಪ ಗಿರಾಕಿ ಮುಂದ ಹೇಳಿ ನಗಸ್ತಾನ" ಅಂದೆಯಂತೆ.

ಯಾರಿಗೂ ಹೇಳಿಲ್ಲ, ಅವ್ವಾ. ನಿನ್ನ ತಾಯಿಗೂ ಹೇಳಿಲ್ಲ.