ಸಿಡಿಲಮರಿಯ ಆರು ಹಲ್ಲು

ಮೋರಟಗಿ,
ಮಂಗಳವಾರ, 14 ಅಕ್ಟೋಬರ್ 2025

ಇಂಡ್ಯಾಗಿನ ನನ್ನ ಜೀವದ ಗೆಳತಿ ಸುಲ್ತಾನಾಗ,

ನೀ ಚೆಂದ ಇದ್ದಿ ಅಂತ ತಿಳಕೊಂಡೇ ಬರಿಯಾಕತ್ತೇನಿ. ಹಂಗ ತಿಳಕೊಳ್ಳದಿದ್ರ ಪೆನ್ನು ಮುಂದ ಹೋಗೂದಿಲ್ಲ. ಈ ಪತ್ರ ಕೈಗೆ ಬಂದ ಕೂಡ್ಲೆ ಮೊದಲು ಎದ್ದು ಬಾಗಿಲಾ ಹಾಕ್ಕೊ. ಓದಿ ಆಮ್ಯಾಲ ಹಾಕ್ತೇನಿ ಅನಬ್ಯಾಡ. ನಿಮ್ಮ ಅಬ್ಬಾಗ ಎರಡು ದಿನ ಅಂಗಡಿ ತೆಗೀಬ್ಯಾಡ್ರಿ ಅಂತ ಹೇಳು. ಯಾಕ ಅಂತ ಮುಂದ ಬರೀತೇನಿ.

ಫೋನ್ ಯಾಕ ಮಾಡಲಿಲ್ಲ ಅಂತ ಸಿಟ್ಟಿಗೇಳಬ್ಯಾಡ. ನಂದು, ನನ್ನ ತಮ್ಮ ಮುತ್ತೂಂದು ಎರಡೂ ಫೋನ್ ಕಲ್ಲಿನ ಮ್ಯಾಲ ಇಟ್ಟು ಜಜ್ಜಿದ್ರು. ತಾವೂ ಈ ಜಗಳದಾಗ ಸಿಗತೇವಿ ಅಂತ ಅಂಜಿ ಓಣ್ಯಾಗ ಯಾರೂ ಫೋನ್ ಕೊಡವಲ್ರು. ಇಂಡಿ ಬಸ್ಸಿನ ಡ್ರೈವರ್ ಮೈಬೂಬ ಮಾಮಾನ ಕೈಯಾಗ ಇದನ್ನ ಕಳಸಾಕತ್ತೇನಿ. ಏಳನೇ ಇಯತ್ತೆ ಅರ್ಧಕ್ಕ ಸಾಲಿ ಬಿಟ್ಟಾಕಿ ನಾನು, ಅಕ್ಷರ ಹೆಂಗ ಬಿದ್ದಾವ ನೋಡು. ತಿದ್ದಿಕೊಂಡು ಓದು.

ಮೊದಲು ಕೆಲಸದ ಮಾತು. ಸುಲ್ತಾನಾ, ಸಿಡಿಲಮರಿ ಕಾರ್ಡಿನ ಚಿತ್ರ ಬದಲ ಮಾಡು. ಟಗರಿನ ಬಾಯಿ ಮುಚ್ಚಿಸು. ಬರೂ ಶುಕ್ರವಾರ ಅಚ್ಚಿಗೆ ಹೋಗೂದರೊಳಗ ಮಾಡು. ನಿನ್ನ ಕಾಲಿಗೆ ಬೀಳ್ತೇನಿ. ಮಾಡಲಿಲ್ಲ ಅಂದ್ರ ನನ್ನ ತಮ್ಮನ್ನ ಕೊಂದು ಹಾಕ್ತಾರ.

ನಿನಗ ಟಗರಿನ ವ್ಯವಹಾರ ತಿಳೀದು, ತಪ್ಪು ನಿಂದಲ್ಲ. ಮುತ್ತು ಕುರಿ ಕಾಯ್ಕೋತ ರಟ್ಟು ಕತ್ತರಿಸಿ ಟಗರಿನ ಕಾರ್ಡಿನ ಈ ಆಟ ಕಟ್ಟಿದಾಗ ನಾ ಬೈದಿದ್ದೆ. ನೀ ನೋಡಿ, ಇದನ್ನ ನೆಟ್ಟಿನ್ಯಾಗ ಹಾಕೂಣು, ಮಂದಿ ಕೂಡಿ ರೊಕ್ಕ ಹಾಕಿ ಅಚ್ಚು ಮಾಡಸ್ತಾರ ಅಂದಿ. ನನಗ ತಿಳೀಲಿಲ್ಲ. ಊರಾಗ ಜಾತ್ರಿಗೆ ಪಟ್ಟಿ ಎತ್ತಿದ್ಹಂಗ ಮಾಲಾ, ಅಂದಿ. ಆವಾಗ ತಿಳೀತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಆಟದಾಗ ನಾಕು ರಾಜ್ಯ ಆದ್ವು. ಟಗರಿಗೆ ರೆಕ್ಕಿ ಬಂದ್ವು, ಕೊಂಬಿನ್ಯಾಗ ಬೆಂಕಿ ಬಂತು, ಗೊರಸು ಊರಿದಲ್ಲಿ ಭೂಮಿ ಸೀಳ್ತು. ನಿನ್ನ ಕೈಯಾಗ ಏನೈತೊ, ಖರೇನ ಅಂಜಿಕಿ ಬರೂಹಂಗ ಚಿತ್ರ ತೆಗೀತಿ. ಅಲ್ಲೀಮಟ ಎಲ್ಲಾ ಚೆಂದಿತ್ತು. ಹೆಚ್ಚು ಪಟ್ಟಿ ಕೊಟ್ಟವರ ಮನಿ ಟಗರು ಆಟದಾಗ ಕಾರ್ಡ್ ಆಗ್ತೈತಿ ಅಂತ ಬರದ್ವಿ ನೋಡು, ಅಲ್ಲೇ ಕೆಡ್ತು. ಬೆಂಗಳೂರಿನ ಮಂದಿ ಆಟಕ್ಕಂತ ರೊಕ್ಕ ಹಾಕಿದ್ರು. ನಮ್ಮ ಮಂದಿ ಮರ್ಯಾದಿಗಂತ ಹಾಕಿದ್ರು.

ಕನ್ನೊಳ್ಳಿ ಹಾದ್ಯಾಗ ತೋಟದ ಮನಿ ಬಸಂತರಾಯಗೌಡ್ರು ಎಲ್ಲಾರಕಿಂತ ಹೆಚ್ಚು ಹಾಕಿದ್ರು. ಅವರ ಸಿಡಿಲಮರಿ ಆಟದ ಡಬ್ಬಿ ಮ್ಯಾಲೂ ಬರಬೇಕು ಅಂದ್ರು. ಅವರ ಮಗ ಶ್ರೀಶೈಲ ತಾನ ಫೋಟೊ ಕಳಿಸಿದ, ಟಗರು ಬಾಯಿ ತೆಗೆದು ಗುಟುರು ಹಾಕೂದು. ನೀ ಇದ್ದದ್ದು ಇದ್ಹಂಗ ತೆಗದಿ.

ಕಾಳಗದ ಕಣದಾಗ ಟಗರಿಗೆ ಜೋಡಿ ಹಚ್ಚೂದು ಹಲ್ಲು ನೋಡಿ, ಸುಲ್ತಾನಾ. ಎರಡ ಹಲ್ಲಿಂದು ಎರಡ ಹಲ್ಲಿನ ಕೂಡ, ಆರ ಹಲ್ಲಿಂದು ಆರ ಹಲ್ಲಿನ ಕೂಡ. ಹಾಲಹಲ್ಲು ಬಿದ್ದು ಬರೂ ಅಗಲ ಹಲ್ಲು ಅಷ್ಟ ಲೆಕ್ಕ. ಹಲ್ಲು ಹೆಚ್ಚಾದ್ಹಂಗ ವಯಸ್ಸು, ಮೈಭಾರ, ಏಟು ಎಲ್ಲಾ ಹೆಚ್ಚು. ಅದಕ್ಕ ಮುತ್ತು ಪ್ರತಿ ಕಾರ್ಡಿನ ಮೂಲ್ಯಾಗ ಹಲ್ಲಿನ ಲೆಕ್ಕ ಬರದ. ಸಿಡಿಲಮರಿ ಹೋದ ವರ್ಷದಿಂದ ಹೋದ ತಿಂಗಳಮಟ ಎರಡ ಹಲ್ಲಿನ ಕಣದಾಗ ಗೆದ್ದೈತಿ, ಇನಾಮಿನ ಮೋಟಾರ್ ಸೈಕಲ್ ತಂದೈತಿ. ಬಾಯಿ ನೋಡೂ ಕಮಿಟ್ಯಾಗ ಗೌಡ್ರ ಮಂದೀನ ಇದ್ರು. ಹಂಗಾಗಿ ಮೂಲ್ಯಾಗ ಎರಡು ಅಂತ ಬರದಿತ್ತು. ನೀ ತೆಗೆದ ಬಾಯಾಗ ಆರು ಇದ್ವು. ನನ್ನ ಒಡಕ ಫೋನಿನ್ಯಾಗ ನಾ ಕೊಂಬಿನ ಬೆಂಕಿ ಅಷ್ಟ ನೋಡಿ ಚೆಂದ ಐತಿ ಅಂದೆ.

ಹೋದ ಶುಕ್ರವಾರ ಆ ಕಾರ್ಡ್ ನೆಟ್ಟಿನ್ಯಾಗ ಬಿಟ್ವಿ. ಹೂವಿನ ಹಿಪ್ಪರಗ್ಯಾಗಿನ ಯಾವನೋ ಒಬ್ಬ ಅದನ್ನ ಹಿಗ್ಗಿಸಿ, "ಎರಡು ಅಂತ ಬರದೀರಿ, ಬಾಯಾಗ ಆರು ಅದಾವಲ್ಲೊ ಮಾವ, ಉಳದ ನಾಕು ಬಾಡಿಗಿ ತಂದೀರೇನು?" ಅಂತ ಬರದ. ನೀನೂ ನಕ್ಕಿ. ನಾನೂ ನಕ್ಕೆ ಸುಲ್ತಾನಾ. ಸಂಜೀ ಹೊತ್ತಿಗೆ ನಾಕೂ ತಾಲೂಕಿನ್ಯಾಗ ಅದ ಮಾತು. ಸೋತ ಟಗರಿನವರೆಲ್ಲಾ ಬಾಗೇವಾಡಿ ಕಣದ ಕಮಿಟಿಗೆ ಗಂಟುಬಿದ್ರು, ಗುರುವಾರ ಬಂದು ಬಾಯಿ ನೋಡ್ತೇವಿ ಅಂತ ಅವರು ಗೌಡ್ರಿಗೆ ಹೇಳಿ ಕಳಿಸಿದ್ರು.

ರವಿವಾರ ಮುಂಜಾನೆ ದೊಡ್ಡ್ಯಾಗ ಕಸ ಹೊಡ್ಯಾಕತ್ತಿದ್ದೆ. ಶ್ರೀಶೈಲ ಇನ್ನೂ ಮೂರು ಮಂದಿ ಕರಕೊಂಡು ಬಂದ. ಮುತ್ತು ಹಾಲುಮರಿ ತಾಯಿಗೆ ಬಿಡಾಕತ್ತಿದ್ದ. ಬರ್ರಿ ಅಣ್ಣಾರ ಅಂದ. ಅಷ್ಟ. ಹೊಟ್ಟಿಗೆ ಒದ್ದು ಕೆಡವಿದ್ರು. ಫೋನ್ ಒಡದ್ರು. ಬಲಗೈ ಮ್ಯಾಲ ಒಬ್ಬ ಬೂಟುಗಾಲಲೆ ಎಗರಿ ಎಗರಿ ತುಳದ, "ಈ ಕೈಯಿಂದೇನಲೇ ಲೆಕ್ಕಾ ಬರಿಯೂದು?" ಅನ್ಕೋತ. ಒಣಕಟಿಗಿ ಮುರದ್ಹಂಗ ಸಪ್ಪಳ ಬಂತು. ನಾ ಚೀರಿದ್ರ ಒಬ್ಬ ನನ್ನ ಕೂದಲಾ ಹಿಡದು ಗ್ವಾಡಿಗೆ ಬಡದ. ಹಣಿ ಮ್ಯಾಲಿನ ರಕ್ತ ಕಣ್ಣಾಗ ಇಳದು ಅರ್ಧ ಕಂಡ್ತು, ಅರ್ಧ ಕಾಣಲಿಲ್ಲ. ಎಲ್ಲಾನೂ ಕಾಣದಿದ್ರ ಚಲೋ ಇತ್ತು.

ಶ್ರೀಶೈಲ ಮುತ್ತೂನ ಎದಿ ಮ್ಯಾಲ ಕುಂತ. ಗೂಟ ಬಡಿಯೂ ಕಲ್ಲು ಎತ್ತಿಕೊಂಡ. "ನಮ್ಮ ಟಗರಿಂದು ಎಣಸೀರಿ. ಈಗ ನಿಂದು ಎಣಸೂಣು, ಬಾಯಿ ತೆಗಿ ಮಗನ" ಅಂದ. ಮುತ್ತು ತೆಗೀಲಿಲ್ಲ. ಮುಚ್ಚಿದ ತುಟಿ ಮ್ಯಾಲೇ ಹೊಡದ. ತುಟಿ ಒಡದು ಹಲ್ಲಿಗೆ ಹತ್ತಿಕೊಂಡ್ತು. ಮತ್ತ ಹೊಡದ. "ಇನ್ನೂ ಭಾಳ ಅದಾವ" ಅಂತ ಉಳದವರು ನಗಾಕತ್ರು. ಮುತ್ತು ಚೀರಾಕ ಹೋಗಿ ರಕ್ತ ಗಂಟಲಿಗಿಳದು ಕೆಮ್ಮಿದ. ಕೆಮ್ಮಿನ ಕೂಡ ಹಲ್ಲು ಹೊರಗ ಬಿದ್ವು, ಹೆಂಡಿ ಮ್ಯಾಲ.

ನಾ ಕುಡಗೋಲು ತಗೊಂಡೆ. ಮಂದಿ ಮ್ಯಾಲ ಎತ್ತಲಿಲ್ಲ. ಎತ್ತಬೇಕಂತ ಇತ್ತು. ನಮ್ಮ ಟಗರು ಕೆಂಚನ ಹಗ್ಗಾ ಕೊಯ್ದೆ. ನಿನ್ನ ಮುಂದ ಖರೇ ಹೇಳ್ತೇನಿ. ಪೊಲೀಸರ ಮುಂದ ಹಗ್ಗ ಹರೀತು ಅಂತ ಹೇಳೇನಿ, ನಿನಗ ಕೇಳಿದ್ರ ನೀನೂ ಹಂಗ ಹೇಳು. ಕೆಂಚ ಕಣದಾಗ ಸರದ್ಹಂಗ ಹಿಂದ ಹಿಂದ ಸರೀತು. ಅದು ಹಿಂದ ಸರಿಯೂದು ನೋಡಿ ಶ್ರೀಶೈಲ ನಕ್ಕ, "ಕುರಿ ಓಡತಲೇ" ಅಂದು ಎದ್ದು ನಿಂತ. ಆವಾಗ ಬಂತು ನೋಡು. ತೊಡಿಗೆ ಹೊಡೀತು. ಅಂವಾ ಹಾರಿ ಕುರಿ ನೀರು ಕುಡಿಯೂ ಕಲ್ಲಿನ ದೋಣಿಗೆ ಬಿದ್ದ, ಎಲಬು ಧೋತ್ರದಾಗಿಂದ ಹೊರಗ ಬಂದು ಬೆಳ್ಳಗ ಕಂಡ್ತು. ಉಳದವರು ಕೊಡ್ಲಿ ತಗೊಂಡು ಕೆಂಚನ ಕುತ್ತಿಗಿಗೆ ಹಾಕಿದ್ರು. ಒಂದ ಏಟಿಗೆ ಹೋಗಲಿಲ್ಲ ಅದು. ಮೊಣಕಾಲು ಊರಿ ಮತ್ತ ಮತ್ತ ಏಳಾಕ ನೋಡ್ತು. ಕಡೀಕ ಮುತ್ತೂನ ಮ್ಯಾಲ ಬಿತ್ತು. ಅದರ ರಕ್ತ ಯಾವುದು, ಇವನ ರಕ್ತ ಯಾವುದು ಅಂತ ನನಗ ತಿಳೀಲಿಲ್ಲ. ಇಬ್ಬರೂ ಹೋದ್ರು ಅಂತ ಮಾಡಿದ್ದೆ.

ಮುತ್ತೂಗ ಸಿಂದಗಿ ದವಾಖಾನ್ಯಾಗ ಹೊಲಿಗಿ ಹಾಕಿ ಮನಿಗೆ ಕಳಿಸ್ಯಾರ. ಅವನ ಬಾಯಾಗ ಗಂಜಿ ನೀರು ಬಟ್ಟಿಲೆ ಹಿಂಡ್ತೇನಿ. ಶ್ರೀಶೈಲನ್ನ ವಿಜಯಪುರಕ್ಕ ಒಯ್ದಾರ. ಎರಡೂ ಕಡೆ ಕೇಸ್ ಆಗ್ಯಾವ.

ನಿನ್ನೆ ಸಂಜಿಗೆ ಬಸಂತರಾಯಗೌಡ್ರು ತಾವ ಬಂದಿದ್ರು. ಕಟ್ಟಿ ಮ್ಯಾಲ ಕುಂತು ಚಹಾ ಕೇಳಿದ್ರು. ಮಾಡಿ ಕೊಟ್ಟೆ, ಏನ್ ಮಾಡಲಿ. ಅರ್ಧಾ ಕುಡದು, "ಮಾಲವ್ವ, ನಿಮ್ಮ ಟಗರು ಹೋತು, ನನ್ನ ಮಗಾ ಕುಂಟ ಆದ. ಅದನ್ನ ಕೋರ್ಟು ನೋಡತೈತಿ. ನನ್ನ ಟಗರಿನ ಮರ್ಯಾದಿ ಯಾರು ನೋಡ್ತಾರ? ಆ ಹುಡುಗಿಗೆ ಹೇಳು, ಚಿತ್ರದಾಗ ಬಾಯಿ ಮುಚ್ಚಿಸಲಿ. ಹಳೇದು ತನ್ನ ಕೈತಪ್ಪು ಅಂತ ಬರೀಲಿ. ಟಗರಿನ ಬಾಯಿ ಗುರುವಾರದೊಳಗ ನಾ ನೋಡಕೋತೇನಿ, ಚಿತ್ರದ ಬಾಯಿ ನೀವು ನೋಡಕೋರಿ" ಅಂದ್ರು. ಇಲ್ಲಂದ್ರ ಏನ್ರಿ ಅಂತ ನಾ ಕೇಳಲಿಲ್ಲ. ತಾವ ಹೇಳಿದ್ರು. "ಹಲ್ಲು ಹೋದ ಮನಶ್ಯಾ ಗಂಜಿ ಕುಡದು ಬದಕ್ತಾನ. ಕುತ್ತಿಗಿ ಹೋದ್ರ ಗಂಜಿ ಎಲ್ಲಿ ಹಾಕ್ತಿ?" ಅಂದ್ರು. ಏಳೂಮುಂದ "ಇಂಡಿ ಬಜಾರದಾಗ ಶಮಶುದ್ದೀನನ ಗಾಜಿನ ಬಳಿ ಅಂಗಡಿ ನಾ ಕಂಡೇನಿ" ಅಂದ್ರು. ಅದಕ್ಕ ಅಬ್ಬಾನ ಅಂಗಡಿ ಮಾತು ಮೊದಲ ಬರದೆ.

ನೀ ಒಪ್ಪೂದಿಲ್ಲ ಅಂತ ಗೊತ್ತೈತಿ. ಶನಿವಾರ ಫೋನಿನ್ಯಾಗ ಚಿತ್ರ ತಿದ್ದೂಣೇನು ಅಂತ ನಾ ಕೇಳಿದಾಗ ಹೇಳಿದ್ದಿ, ಬಾಯಿ ಮುಚ್ಚಿದ್ರ ಅದು ಸಿಡಿಲಮರಿ ಅಲ್ಲ, ಯಾವುದೋ ಕುರಿ ಆಗ್ತೈತಿ, ಕಂಡದ್ದನ್ನ ಕಂಡಿಲ್ಲ ಅಂತ ನಾ ಹೆಂಗ ತೆಗೀಲಿ ಅಂತ. ತೆಗಿ ಸುಲ್ತಾನಾ. ಯಾವುದೋ ಕುರಿ ಆಗಲಿ. ಆಟದಾಗಿನ ಟಗರು ಅದು. ನನ್ನ ತಮ್ಮಗ ಇನ್ನೊಂದು ಕುತ್ತಿಗಿ ಇಲ್ಲ. ಈ ಪತ್ರದ ಮಾತು ಮುತ್ತೂಗ ಹೇಳಿಲ್ಲ. ಅಂವಾ ಮಲಗ್ಯಾನ. ಎಚ್ಚರಿದ್ರ ಬರಿಯಾಕ ಬಿಡತಿದ್ದಿಲ್ಲ.

ಇನ್ನೂ ಏನೇನೊ ಬರೀಬೇಕಂತ ಇತ್ತು. ಹೊರಗ ಗಾಡಿ ಸಪ್ಪಳ ಬಂದ್ರ ಎದ್ದು ಬಾಗಿಲಾ ಅಗಳಿ ನೋಡ್ತೇನಿ. ನಿನ್ನ ಕೈಬೆರಳು ಜೋಪಾನ, ಅವರಿಗೆ ಕೈ ಮುರಿಯೂದು ರೂಢಿ ಆಗೇತಿ.

ನಿನ್ನ ದಾರಿ ಕಾಯಾಕಿ,
ಮಾಲಾ

ತಾ.ಕ. ಬುಧವಾರ ಮುಂಜಾನೆ. ನಿನ್ನೆ ಬಸ್ ಬರಲಿಲ್ಲ, ಚಲೋನ ಆತು.

ಹಿತ್ತಲ ಬಾಗಿಲಾ ಯಾರೋ ಬಡದ್ರು. ಕುಡಗೋಲು ಹಿಡಕೊಂಡ ತೆಗದೆ. ಸಿದ್ದಲಿಂಗವ್ವ ನಿಂತಿದ್ಲು, ಗೌಡ್ರ ಹೇಣ್ತಿ, ಶ್ರೀಶೈಲನ ಅವ್ವ. ಒಬ್ಬಾಕೀನ. ಸೀರಿ ತುಂಬ ರಕ್ತ. ಗಂಡನ್ನ ಯಾರೋ ಕಡದ್ರು ಅಂತ ತಿಳದೆ. ಅಲ್ಲ. ಗೌಡ್ರು ನಿನ್ನೆ ಸಿಡಿಲಮರಿ ಕಾಲು ಕಟ್ಟಿ ಕೆಡವಿ ಹೆಚ್ಚಿನ ನಾಕು ಹಲ್ಲಿಗೆ ಅರ ಹಚ್ಚಿ ತಿಕ್ಕಿದ್ರಂತ, ಎರಡು ಕಾಣಲಿ ಅಂತ. ಅದು ಕೊಸರಾಡ್ತು. ಸಿಟ್ಟಿಗೆದ್ದು ಉಳಿ ಇಟ್ಟು ಸುತ್ತಿಗಿಲೆ ಹೊಡದ್ರಂತ. ದವಡಿ ಸೀಳ್ತು. ಬೆಳಕು ಹರಿಯೂಮಟ ಒದ್ದಾಡಿ ಸತ್ತೈತಿ. "ಮಗನ ಎಲಬು ನೋಡಿ ಅಳಲಿಲ್ಲ ಅಂವಾ, ಈಗ ಅದರ ತಲಿ ತೊಡಿ ಮ್ಯಾಲ ಇಟಗೊಂಡು ಅಳಾಕತ್ತಾನ, ಮಣ್ಣು ಕೊಡಾಕ ಬಿಡವಲ್ಲ. ಆ ಚಿತ್ರ ತಿದ್ದಬ್ಯಾಡ್ರಿ ಅಂತ ಹೇಳಿ ಬಾ ಅಂದಾನ. ಅದರ ಬಾಯಿ ಸರಿ ಇದ್ದದ್ದು ಅದೊಂದರಾಗ ಐತಿ ತಂಗಿ" ಅಂತ ಅಕಿ ನನ್ನ ಕೈ ಹಿಡದ್ಲು.

ನಾ ಏನರ ಅನ್ನೂದರೊಳಗ ಮುತ್ತು ಗ್ವಾಡಿ ಹಿಡಕೊಂಡು ಬಂದ. ಎಲ್ಲಾ ಕೇಳಿಸಿಕೊಂಡಿದ್ದ. ಬಾಯಿಗೆ ಕಟ್ಟಿದ ಬಟ್ಟಿ ಬಿಚ್ಚಿ ಅಕೀ ಮುಂದ ಬಾಯಿ ತೆಗೆದು ನಿಂತ. ಅಕಿ ನೋಡಿದ್ಲು. ನನ್ನ ಕೈ ಬಿಟ್ಟು, ಬಂದ ಹಾದೀಲೆ ಹೋದ್ಲು.

ನಾ ಮ್ಯಾಲ ಬರದದ್ದು ಬಿಟ್ಟುಬಿಡು. ಅಂಗಡಿ ಮಾತು ಬಿಡಬ್ಯಾಡ, ಅಬ್ಬಾ ಇನ್ನೂ ಎರಡು ದಿನ ಮನ್ಯಾಗ ಇರಲಿ. ಬಾಯಿ ತೆರದದ್ದು ತೆರದ್ಹಂಗ ಇರಲಿ. ಮೂಲ್ಯಾಗಿನ ಎರಡು ಅಷ್ಟ ಅಳಸು. ಗೌಡ್ರ ಸಲುವಾಗಿ ಅಲ್ಲ, ಇದು ಮುತ್ತೂಂದು ಮಾತು. ಅಲ್ಲೇನು ಬರೀಬೇಕಂತ ನಾ ಕೇಳಿದೆ. ಬಲಗೈ ಏಳೂದಿಲ್ಲ. ಎಡಗೈಲೆ ಐದು ಬೆರಳು ತೋರಿಸಿದ. ಮಡಚಿ, ಮತ್ತ ಒಂದು ತೋರಿಸಿದ.