ಗೋಡೆ ಬೀಳುವ ಮೊದಲು

ಮಣ್ಣು ಸೇರಿದ ಮೇಲೂ ನನ್ನ ಮಾತಿಗೆ ಹೂಂಗುಟ್ಟುವ ಅಕ್ಕನಿಗೆ,

ನೀನು ಎಲ್ಲಿ ಬೆಲ್ಲ ಬಚ್ಚಿಟ್ಟರೂ ನಾನು ಹುಡುಕಿ ತಿಂದುಬಿಡುತ್ತಿದ್ದೆ, ನೆನಪಿದೆಯಾ? "ಸಿಐಡಿ ಮುಂಡೇದು" ಅಂತ ನೀನು ನನ್ನ ತಲೆಗೆ ಮೊಟಕುತ್ತಿದ್ದೆ. ಆ ಹಾಳು ಬುದ್ಧಿ ಇನ್ನೂ ಹೋಗಿಲ್ಲ ಕಣೆ. ಬಿರುಗಾಳಿ ಮಳೆಗೆ ಉಮ್ಮತ್ತೂರಿನಲ್ಲಿ ಎಷ್ಟೋ ಮನೆ ಬಿದ್ದವು, ನೀನು ರೇಷ್ಮೆ ಹುಳದ ಮನೆಯ ಗೋಡೆಯಡಿ ಸಿಕ್ಕೆ ಅಂತ ಗುಂಡ್ಲುಪೇಟೆಯ ಎಸ್‌ಟಿಡಿ ಬೂತಿಗೆ ಫೋನ್ ಬಂತು. ರಜೆಗೆ ನನ್ನ ಮನೆಗೆ ಬಂದಿದ್ದ ನಿನ್ನ ಮಗಳು ಮಂಜುಳನ ಕೈ ಹಿಡಿದು ಬಸ್ ಹತ್ತಿದೆ. ನಾವು ಬರುವಷ್ಟರಲ್ಲಿ ಪೊಲೀಸರು ಗೋಡೆ ಬಿದ್ದು ಸತ್ತಳು ಅಂತ ಬರೆದುಕೊಂಡು ಹೋಗಿದ್ದರು. ಯಾರು ತಾನೇ ಅನುಮಾನ ಪಡುತ್ತಾರೆ?

ನಿನ್ನ ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದ ಬೆಳಿಗ್ಗೆ ಹುಳದ ಮನೆಯ ಕಡೆ ಹೋದೆ. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ, ಒಳಗೆ ಮಾತ್ರ ಮಳೆ ಹುಯ್ಯುವ ಸದ್ದು! ಬೀಳದೆ ಉಳಿದ ಅರ್ಧದಲ್ಲಿ ನಿನ್ನ ಹುಳಗಳು ಸೊಪ್ಪು ಮೇಯುತ್ತಿದ್ದ ಸದ್ದು ಅದು. ಸಾವಿನ ಮನೆಯಲ್ಲಿ ಹಸಿ ಸೊಪ್ಪು ಹಾಕಿದವರು ಯಾರು? ನೀನೇ ಎಲ್ಲೋ ಪಕ್ಕದಲ್ಲಿ ಬಗ್ಗಿ ನಿಂತಿದ್ದೀಯ ಅನ್ನಿಸಿ…

ಸುಮ್ಮನಿರಲಾರದೆ ಬಾಗಿಲ ಬಳಿ ಬಿದ್ದಿದ್ದ ಗೋಡೆಯ ಮಣ್ಣು ಸರಿಸಿದೆ. ಅಡಿಯಲ್ಲಿ ನಿನ್ನ ಗಂಡನ ಟೈರ್ ಚಪ್ಪಲಿ. ಜೋಡಿಯಾಗಿ, ನೀಟಾಗಿ ಬಿಟ್ಟಿದ್ದು. ಹುಳಕ್ಕೆ ರೋಗ ಬರುತ್ತದೆ ಅಂತ ಬಂದ ನೆಂಟರಿಗೂ ಬೈದು ಹೊರಗೇ ಚಪ್ಪಲಿ ಬಿಡಿಸುತ್ತಿದ್ದವಳು ನೀನು. ಆದರೆ ಭಾವ ಊರಿಗೆಲ್ಲ ಹೇಳಿದ್ದು ಬೇರೆ. ಗಾಳಿ ಎದ್ದಾಗ ಚಾಮರಾಜನಗರದಲ್ಲಿದ್ದನಂತೆ, ಬರುವಷ್ಟರಲ್ಲಿ ಗೋಡೆ ಬಿದ್ದಿತ್ತಂತೆ, ದಾರಿಯ ನೀರಲ್ಲಿ ಚಪ್ಪಲಿ ಕೊಚ್ಚಿಹೋಯಿತಂತೆ. ಕೊಚ್ಚಿಹೋದದ್ದು ಗೋಡೆಯಡಿಗೆ ಹೇಗೆ ಬಂತು? ಗೋಡೆ ಬೀಳುವ ಮೊದಲು ಅವನು ಒಳಗಿದ್ದ! ಮರ್ಯಾದೆ ಕೊಟ್ಟು ಬರೆಯಲು ನನ್ನ ಕೈಲಾಗದು ಅಕ್ಕಾ, ಬೈಯಬೇಡ.

ತಿರುಗಿದರೆ ಅವನೇ ಸೊಪ್ಪಿನ ಹೊರೆ ಹೊತ್ತು ಬರಿಗಾಲಲ್ಲಿ ನಿಂತಿದ್ದ. ನನ್ನ ಕೈಲಿದ್ದದ್ದು ನೋಡಿ ಅಲ್ಲೇ ಕುಸಿದ.

"ಮಂಜಿಗೆ ಗಂಡು ಗೊತ್ತು ಮಾಡ್ಬುಟ್ಟಿದ್ದೆ ಕಣಮ್ಮಿ. ಮಗಾ ಓದ್ಲಿ, ಮದ್ವೆ ಮಾಡಕ್ಕೆ ಬುಡಾಕಿಲ್ಲ ಅಂದ್ಲು ನಿಮ್ಮಕ್ಕ. ತಳ್ಬುಟ್ಟೆ. ಕಲ್ಗೆ ತಲೆ ಬಡೀತು. ಭಯ ಆಗಿ ಹಿಂದ್ಗಡೆ ಬಾಗ್ಲಲ್ಲಿ ಓಡೋದೆ. ಗೋಡೆ ಆಮೇಲ್ ಬಿತ್ತು."

"ನೀವು ಓಡೋಗುವಾಗ ಅಕ್ಕಂಗೆ ಉಸ್ರಿತ್ತಾ ಭಾವ?"

ಅವನು ಹುಳಗಳ ಕಡೆ ನೋಡುತ್ತಾ ಕೂತ. ಆ ಸದ್ದು ಮಾತ್ರ ಕೇಳುತ್ತಲೇ ಇತ್ತು. ಮಣ್ಣಿನಡಿಯಿಂದ ನೀನು ಯಾರನ್ನಾದರೂ ಕೂಗಿದ್ದೆಯಾ ಅಕ್ಕಾ?

ಮಂಜುಳನನ್ನು ಕರೆದುಕೊಂಡು ಗುಂಡ್ಲುಪೇಟೆಗೆ ವಾಪಸು ಬಂದೆ. ಹೇಳಲೋ ಬೇಡವೋ? ಅವ್ವನಿಲ್ಲದ ಮಗುವಿನಿಂದ ಅಪ್ಪನನ್ನೂ ನಾನೇ ಕಿತ್ತುಕೊಳ್ಳಲಾ? ಸುಮ್ಮನಿದ್ದರೆ ಇವಳು ಆ ಮನೆಗೆ, ಆಮೇಲೆ ಆ ಗಂಡಿನ ಮನೆಗೆ… ಇವತ್ತು ಅವಳ ತಲೆ ಬಾಚುತ್ತಾ ಎಲ್ಲ ಹೇಳಿಬಿಟ್ಟೆ. ಜಡೆ ಮುಗಿದದ್ದೇ ನನ್ನ ಕಡೆ ತಿರುಗಿದಳು.

"ಪೊಲೀಸ್ ಟೇಸನ್ಗೆ ಓಗನ ಚಿಕ್ಕವ್ವ. ನಾನೇ ಎಲ್ಲಾನೂ ಏಳ್ತೀನಿ. ನೀನೇಳುದ್ರೆ ಭಾವನ್ ಮೇಲೆ ದ್ವೇಷ ಅಂತಾರೆ. ನಾನು ಮಗಳು, ನನ್ ಮಾತ ಯಾರೂ ತಳ್ಳಾಕಾಗಕಿಲ್ಲ."

ನಾಳೆ ಮೊದಲ ಬಸ್ಸಿಗೆ ಹೊರಡುತ್ತಿದ್ದೇವೆ ಕಣೆ. "ನಮ್ಮಪ್ಪ" ಅನ್ನುವಾಗ ಅವಳ ದನಿ ನಡುಗಿದರೆ ಕೈ ಹಿಡಿದುಕೊಳ್ಳುತ್ತೇನೆ. ಬಾಯಿ ಮಾತ್ರ ಮುಚ್ಚಿಸುವುದಿಲ್ಲ.

ನಿನ್ನ ತಂಗಿ