ಅರ್ಧ ಬಾಟಲಿ ನೀರು

ಮಾರ್ಚ್ ೧೮, ಭಾನುವಾರ

ನನ್ನ ಚಿನಕುರುಳಿಗೆ,

ಅಮ್ಮನ ಆಶೀರ್ವಾದ. ನೀನು ಬಂದುಹೋಗಿ ಮೂರು ವಾರವಾಯಿತು, ಈಗ ಬರೆಯುತ್ತಿದ್ದೇನೆ. ಬೈದುಕೋ. ಎರಡು ಸಲ ಬರೆದು ಹರಿದುಹಾಕಿದೆ. ಮನೆಗೆ ಕಳಿಸದೆ ನೀನು ಪಾಠ ಮಾಡುವ ಶಾಲೆಗೇಕೆ ಕಳಿಸಿದೆ ಎಂದು ಹುಬ್ಬೇರಿಸಬೇಡ. ಫೋನ್ ಮಾಡಿದರೆ ಅಳಿಯಂದಿರು ಸ್ಪೀಕರಿಗೆ ಹಾಕುತ್ತಾರೆ. ಅವರು ಕೇಳಿಸಿಕೊಳ್ಳುತ್ತಿದ್ದಾರೆಂದು ಗೊತ್ತಾದ ಮೇಲೆ ನನಗೆ ಬಿಸಿಲು ಮಳೆ ಬಿಟ್ಟು ಬೇರೆ ಮಾತೇ ಹೊರಡುವುದಿಲ್ಲ.

ಆ ಬಿಸಿಲು ಈ ವರ್ಷ ಬೇಗನೆ ಶುರುವಾಗಿದೆ. ಹೋದ ಮಳೆಗಾಲದ ಮಳೆಯೆಲ್ಲ ನಾಲ್ಕೇ ದಿನದಲ್ಲಿ ಸುರಿದು, ಕೆರೆ ಕೋಡಿ ಬಿದ್ದು, ನೀರು ಎತ್ತಲೋ ಹರಿದುಹೋಯಿತಲ್ಲ, ಆಮೇಲೆ ಹನಿಯಿಲ್ಲ. ಉಳಿದ ನೀರು ಕಾದು ಪಾಚಿಗಟ್ಟಿದೆ. ದೂರದ ನದಿಯಿಂದ ಗುಡ್ಡ ಹತ್ತಿಸಿ ನೀರು ತರುತ್ತಿದ್ದ ಪಂಪುಗಳನ್ನು ನಿಲ್ಲಿಸಿದ್ದಾರೆ. ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವುದು, ಆ ಹೊಗೆಗೆ ಸೆಕೆ ಹೆಚ್ಚುವುದು, ಸೆಕೆಗೆ ಕೆರೆ ಒಣಗುವುದು, ಅದನ್ನು ತುಂಬಿಸಲು ಮತ್ತೆ ಪಂಪು ಓಡಿಸುವುದು. ಇದೆಂಥ ಬುದ್ಧಿವಂತಿಕೆ ಎಂದು ನಮ್ಮ ಮೇಲಿನವರಿಗೂ ಕೊನೆಗೆ ಅನ್ನಿಸಿತು. ಈಗ ಊರು ಬಳಸಿ ಚೆಲ್ಲಿದ ನೀರನ್ನೇ ನಮ್ಮ ಘಟಕದಲ್ಲಿ ಶುದ್ಧಿ ಮಾಡಿ ಮತ್ತೆ ನಲ್ಲಿಗೆ ಬಿಡುತ್ತೇವೆ. ಜನ ಅದಕ್ಕೆ ಇಟ್ಟಿರುವ ಹೆಸರನ್ನು ಇಲ್ಲಿ ಬರೆಯಲಾರೆ.

ಎದುರುಮನೆಯ ದರ್ಜಿ ನಮ್ಮ ಮನೆಯ ಕಾಫಿ ಕುಡಿಯುವುದು ಬಿಟ್ಟಿದ್ದಾನೆ. ನನಗೇನೂ ಬೇಸರವಿಲ್ಲ. ನೀರನ್ನು ಅನುಮಾನಿಸುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಎಲ್ಲ ಸರಿಯಿದೆ ಎಂದು ಬಂದರೆ ಯಂತ್ರವೇ ಕೆಟ್ಟಿದೆಯೇನೋ ಎಂದು ಇನ್ನೊಮ್ಮೆ ಪರೀಕ್ಷೆಗೆ ಇಡುವವಳು ನಾನು.

ಆದರೆ ನೀನು? ಐದು ತಿಂಗಳ ಬಸುರಿ, ಉರಿಬಿಸಿಲಲ್ಲಿ ಬಂದು ಕೂತೆ. ಲೋಟ ಹಿಡಿದು ಬಂದರೆ ಅಳಿಯಂದಿರ ಮುಖ ನೋಡಿ, ತಂದಿದ್ದೀವಮ್ಮ, ಬೇಡ ಅಂದೆ. ಅವರು ಕಾರಿನಿಂದ ಅಂಗಡಿಯ ನೀರಿನ ಕ್ಯಾನು ಇಳಿಸಿ, ಅಡುಗೆಗೂ ಇದೇ ಇರಲಿ ಎಂದು ಹೇಳಿ ನಿನ್ನ ಬಾಟಲಿ ತುಂಬಿಸಿಕೊಟ್ಟರು.

"ಅತ್ತೆ, ನಿಮ್ಮ ಕೆಲಸದ ಮೇಲೆ ಗೌರವ ಇದೆ. ಆದ್ರೆ ಮಗು ವಿಷಯದಲ್ಲಿ ರಿಸ್ಕ್ ತಗೊಳ್ಳೋಕಾಗಲ್ಲ" ಅಂದರು.

ನಾನು ನಗುನಗುತ್ತಲೇ ಹಿತ್ತಲಿಗೆ ಹೋಗಿ ಲೋಟದ ನೀರನ್ನು ಗಿಡಕ್ಕೆ ಸುರಿದೆ. ಊರು ಬೇಡವೆನ್ನಲಿ, ನನ್ನ ಮಗಳು ನನ್ನ ಮನೆಯಲ್ಲಿ ನೀರು ಮುಟ್ಟಲಿಲ್ಲವಲ್ಲ ಎಂದು ಹೊಟ್ಟೆ ಉರಿದುಹೋಯಿತು.

ನೀವು ಹೊರಟ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ನಿನ್ನ ಬಾಟಲಿ ಕಂಡಿತು. ಅರ್ಧ ನೀರಿತ್ತು. ನನ್ನ ಬುದ್ಧಿ ಗೊತ್ತಲ್ಲ, ಮರುದಿನ ಬೆಳಿಗ್ಗೆಯೇ ಲ್ಯಾಬಿಗೆ ಒಯ್ದೆ. ಆ ಕ್ಯಾನಿನ ನೀರಿನ ಹುಳುಕು ಹಿಡಿದು ಅಳಿಯಂದಿರ ಬಾಯಿ ಮುಚ್ಚಿಸಬೇಕೆಂಬ ಆಸೆ, ಸುಳ್ಳೇಕೆ ಹೇಳಲಿ. ಜೊತೆಗೆ ಕೆಲಸ ಮಾಡುವವಳು ಇದು ಯಾವ ಬಡಾವಣೆಯ ನೀರು ಎಂದು ಕೇಳುತ್ತಿದ್ದರೂ ಪರೀಕ್ಷೆಗೆ ಇಟ್ಟುಬಿಟ್ಟೆ.

ಹುಳುಕೇನೂ ಸಿಗಲಿಲ್ಲ. ಆದರೆ ಅದರಲ್ಲಿ ಕ್ಲೋರಿನ್ ಇತ್ತು. ಕ್ಯಾನಿನ ನೀರಿನಲ್ಲಿ ಅದು ಇರುವುದಿಲ್ಲ, ನಾವು ನಲ್ಲಿಗೆ ಬಿಡುವ ನೀರಿನಲ್ಲಿ ಇರುತ್ತದೆ. ಉಪ್ಪಿನಂಶ, ಗಡಸುತನ, ಒಂದೊಂದೂ ನಮ್ಮ ನಲ್ಲಿಯದೇ. ನಂಬದೆ ಮತ್ತೆ ಇಟ್ಟೆ, ಮತ್ತೂ ಅದೇ ಬಂತು. ಊಟವಾದ ಮೇಲೆ ತಟ್ಟೆ ತೊಳೆದಿಡ್ತೀನಿ ಎಂದು ನೀನೊಬ್ಬಳೇ ಅಡುಗೆಮನೆಗೆ ಹೋಗಿದ್ದೆಯಲ್ಲ, ಆಗ ಕ್ಯಾನಿನ ನೀರು ಚೆಲ್ಲಿ ನನ್ನ ನಲ್ಲಿಯ ನೀರು ತುಂಬಿಸಿಕೊಂಡು ಕುಡಿದಿದ್ದೀಯ.

ಎಷ್ಟು ಖುಷಿಯಾಯಿತೆಂದರೆ, ಇವತ್ತು ಮೇಡಂ ಕಾಲು ನೆಲದ ಮೇಲಿಲ್ಲ ಎಂದು ಜೊತೆಯವಳು ಛೇಡಿಸಿದಳು. ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಆ ಖುಷಿ ಇಳಿದುಹೋಯಿತು. ನನ್ನ ನೀರಿನ ಮೇಲೆ ನಂಬಿಕೆಯಿದ್ದರೆ ಲೋಟದಲ್ಲೇ ಏಕೆ ಕುಡಿಯಲಿಲ್ಲ?

ಆಮೇಲೆ ಒಂದೊಂದೇ ನೆನಪಾಗತೊಡಗಿತು. ಫ್ಯಾನು ಜೋರು ಮಾಡಲಾ ಎಂದರೂ ನೀನು ಅವರ ಮುಖ ನೋಡಿದೆ. ಇನ್ನು ಸ್ವಲ್ಪ ಬಡಿಸಲಾ ಎಂದರೂ ನೋಡಿದೆ. ನಮ್ಮ ಮಾತಿನ ನಡುವೆ ಬಾಯಿ ಹಾಕಿ ಬೈಸಿಕೊಳ್ಳದಿದ್ದರೆ ಉಂಡದ್ದು ಕರಗದ ಹುಡುಗಿ ನೀನು, ಅವತ್ತು ನೀನಾಗಿ ಒಂದು ಮಾತೂ ಆಡಲಿಲ್ಲ. ಬಸುರಿ, ಸುಸ್ತಾಗಿರಬೇಕು ಎಂದುಕೊಂಡು ನಾನು ನನ್ನ ಅವಮಾನದಲ್ಲೇ ಮುಳುಗಿದ್ದೆ.

ಅಳಿಯಂದಿರು ನಿಜವಾಗಿಯೂ ಕಾಳಜಿಯ ಮನುಷ್ಯರೇ ಇರಬಹುದು. ನನ್ನದು ಕಸುಬಿನ ಚಾಳಿ, ಎಲ್ಲದರಲ್ಲೂ ಏನೋ ತೇಲುತ್ತಿರುವಂತೆ ಕಾಣುತ್ತದೆ. ಅದಕ್ಕೇ ಎರಡು ಸಲ ಬರೆದದ್ದನ್ನು ಹರಿದೆ. ತಾಯಿಯೇ ಮಗಳ ಸಂಸಾರಕ್ಕೆ ಹುಳಿ ಹಿಂಡಿದಳು ಅನ್ನಿಸಿಕೊಳ್ಳುವ ಭಯ.

ಬಿಸಿಲಿಗೆ ಓಡಾಡಬೇಡ. ಯಾವ ನೀರಾದರೂ ಸರಿ, ಬಾಯಾರಿದಾಗ ಹೊಟ್ಟೆ ತುಂಬ ಕುಡಿ. ನೀನೂ ನಿನ್ನ ಕೂಸೂ ತಣ್ಣಗಿರಿ.

ಇಂತಿ ನಿನ್ನ
ಅಮ್ಮ

ತಾ.ಕ.: ಕವರು ಅಂಟಿಸಲು ಹೋದವಳಿಗೆ ಕೈ ಬರಲಿಲ್ಲ. ಎಲ್ಲಿಗೆ ಹೋದರೂ ಹೊರಡುವ ಮುಂಚೆ ಬ್ಯಾಗನ್ನು ಎರಡು ಸಲ ನೋಡುವವಳು ನೀನು. ಸಿಕ್ಕ ನೀರನ್ನು ಪರೀಕ್ಷೆ ಮಾಡದೆ ಬಿಡುವವಳಲ್ಲ ನಾನು, ಅದೂ ನಿನಗೆ ಗೊತ್ತು. ಆ ಬಾಟಲಿಯನ್ನು ಮರೆತೆಯೋ, ನನಗೆಂದೇ ಬಿಟ್ಟುಹೋದೆಯೋ? ಮರೆತಿದ್ದರೆ ಈ ಕಾಗದ ಹರಿದುಹಾಕಿ ನಕ್ಕುಬಿಡು. ಬಿಟ್ಟುಹೋಗಿದ್ದರೆ, ಮಗಳೇ, ಮೂರು ವಾರ ನಿನ್ನನ್ನು ಕಾಯಿಸಿಬಿಟ್ಟೆ. ಶನಿವಾರ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಟ್ಯಾಕ್ಸಿಯಲ್ಲಿ ಕೂತಿರುತ್ತೇನೆ. ಏನೂ ಹೇಳಬೇಡ, ಬಂದು ಹತ್ತಿಕೋ.